ಕಟ್ಟು ಬಿಚ್ಚಿದಾಗ ನೆಟ್ಟಗಿತ್ತು



ನಾನು ಎಲುಬು-ಕೀಲಿನ ಡಾಕ್ಟರು. ನನ್ನ ಕೋಣೆಗೆ ಮಗುವಿನ ಕೈ ಹಿಡಿದುಕೊಂಡು ಬರುವ ತಾಯಂದಿರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿದ್ದೇನೆ. ಊರು ಬೇರೆ, ಜಿಲ್ಲೆ ಬೇರೆ, ಮಾತು ಮಾತ್ರ ಅದೇ: "ಕಟ್ಟು ಬಿಚ್ಚಿದಾಗ ಕೈ ನೆಟ್ಟಗ ಇತ್ರಿ ಸಾಹೇಬ್ರ. ಆಮೇಲ ಬರ್ತಾ ಬರ್ತಾ ಡೊಂಕ ಆತು." ಅವರು ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನೇ ಹೇಳುತ್ತಾರೆ. ಆದರೆ ಆ ಕೈ ಕಟ್ಟು ಬಿಚ್ಚಿದ ದಿನವೂ ಡೊಂಕೇ ಇತ್ತು. ಕಾಣಿಸಿರಲಿಲ್ಲ, ಅಷ್ಟೆ.

ಇದು ಹೇಗೆ ಅಂತ ರೇಡಿಯೊದಲ್ಲಿ ಚಿತ್ರ ಬರೆದು ತೋರಿಸಲಾರೆ. ಆದ್ದರಿಂದ ನಿಮ್ಮ ಕೈಯನ್ನೇ ಚಿತ್ರ ಮಾಡಿಕೊಳ್ಳೋಣ. ಎದ್ದು ನಿಂತು ಎರಡೂ ಕೈ ಕೆಳಗೆ ಬಿಡಿ, ಅಂಗೈ ಮುಂದಕ್ಕಿರಲಿ. ಮೊಣಕೈಯಿಂದ ಕೆಳಗಿನ ಭಾಗ ನೇರ ಕೆಳಗಿಳಿಯದೆ ಮೈಯಿಂದ ಸ್ವಲ್ಪ ಆಚೆಗೆ ಓರೆಯಾಗಿದೆ, ನೋಡಿ. ಬಹಳ ಜನರಲ್ಲಿ ಈ ಓರೆ 5ರಿಂದ 15 ಡಿಗ್ರಿ. ಹೆಂಗಸರಲ್ಲಿ ತುಸು ಹೆಚ್ಚು. ಕೊಡವನ್ನೋ ಬಕೆಟ್ಟನ್ನೋ ಹಿಡಿದು ನಡೆಯುವಾಗ ಅದು ತೊಡೆಗೆ ತಾಗದೆ ಆಚೆ ನಿಲ್ಲುತ್ತದಲ್ಲ, ಅದರ ನೆನಪಿಗೆ ವೈದ್ಯರು ಇದಕ್ಕೆ 'ಹೊರುವ ಕೋನ' ಅನ್ನುತ್ತಾರೆ. ಈಗ ಹಾಗೇ ನಿಂತು ಮೊಣಕೈ ಪೂರ್ತಿ ಮಡಚಿ, ಬೆರಳು ಹೆಗಲಿಗೆ ಮುಟ್ಟಲಿ. ಓರೆ ಎಲ್ಲಿ ಹೋಯಿತು? ಮಾಯ. ಮಡಚಿದ ಮೊಣಕೈಯಲ್ಲಿ ಆ ಕೋನ ಕಣ್ಣಿಗೆ ಬೀಳುವುದಿಲ್ಲ.

ಮಕ್ಕಳ ಮೊಣಕೈ ಮುರಿದಾಗ ಪ್ಲಾಸ್ಟರ್ ಹಾಕುವುದು ಮಡಚಿದ ಕೈಗೇ. ಮೂರ್ನಾಲ್ಕು ವಾರ ಹಾಗೇ ಇದ್ದ ಕೈ, ಕಟ್ಟು ಬಿಚ್ಚಿದ ದಿನ ಬಿಗಿದುಕೊಂಡಿರುತ್ತದೆ. ಬಿಚ್ಚಿದ ಮೇಲೂ ಮಗು ಅದನ್ನು ಮಡಚಿ ಎದೆಗೆ ಒತ್ತಿಕೊಂಡೇ ಓಡಾಡುತ್ತದೆ. ತಿಂಗಳೊಪ್ಪತ್ತಿನಲ್ಲಿ ಮಗು ಕೈ ಚಾಚಲು ಶುರುಮಾಡುತ್ತದೆ. ಆಗ ಮನೆಯವರಿಗೆ ಒಂದೊಂದೇ ಡಿಗ್ರಿ ಡೊಂಕು ಕಾಣುತ್ತಾ ಹೋಗುತ್ತದೆ. "ಬರ್ತಾ ಬರ್ತಾ ಡೊಂಕ ಆತು" ಅನ್ನುವುದರ ಒಳಗುಟ್ಟು ಇದು. ಡೊಂಕು ಬೆಳೆದದ್ದಲ್ಲ, ಕೈ ಬಿಚ್ಚಿಕೊಂಡ ಹಾಗೆ ಅದೂ ಬಿಚ್ಚಿಕೊಂಡದ್ದು. ಹೊರಕ್ಕೆ ಓರೆಯಿರಬೇಕಾದ ಕೈ ಒಳಕ್ಕೆ ಓರೆಯಾಗಿ, ಬಂದೂಕಿನ ಹಿಂಬದಿಯ ಮರದ ಹಿಡಿ ಹೇಗೆ ಬಾಗಿರುತ್ತದೋ ಹಾಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಈ ವಿಕಾರಕ್ಕೆ ಗನ್‌ಸ್ಟಾಕ್ ಅನ್ನುವ ಅಡ್ಡಹೆಸರಿದೆ.

ಮುರಿಯುವ ಜಾಗದ ಬಗ್ಗೆ ಒಂದಿಷ್ಟು ಹೇಳಬೇಕು. ತೋಳಿನ ಎಲುಬು ಮೇಲೆ ಕೊಳವೆಯ ಹಾಗೆ ದುಂಡಗಿದ್ದು, ಮೊಣಕೈ ಹತ್ತಿರ ಬಂದಂತೆ ಹುಟ್ಟಿನ ಹಾಗೆ ಅಗಲವಾಗಿ ಚಪ್ಪಟೆಯಾಗುತ್ತದೆ. ಅಲ್ಲಿ ಮುಂದೊಂದು ಕುಳಿ, ಹಿಂದೊಂದು ಕುಳಿ. ನಡುವೆ ಉಳಿಯುವ ಎಲುಬು ಹಪ್ಪಳದಷ್ಟು ತೆಳು. ಐದರಿಂದ ಏಳು ವರ್ಷದ ಮಕ್ಕಳಲ್ಲಿ ಕೀಲುಗಳು ಸಡಿಲ, ಮೊಣಕೈ ನೆಟ್ಟಗಾಗಿ ನಿಲ್ಲದೆ ಇನ್ನೂ ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ಬೀಳುವ ಮಗು ಅಂಗೈ ಊರುತ್ತದೆ, ಮೊಣಕೈ ಹಿಂದಕ್ಕೆ ಬಾಗುತ್ತದೆ, ಮುಂಗೈ ಎಲುಬಿನ ತುದಿ ಆ ಹಿಂದಿನ ಕುಳಿಗೆ ಹೊಕ್ಕು ಹಾರೆಯಿಂದ ಮೀಟಿದ ಹಾಗೆ ಮೀಟುತ್ತದೆ. ಹಪ್ಪಳ ಮುರಿಯುತ್ತದೆ. ಮಕ್ಕಳ ಮೊಣಕೈ ಮುರಿತಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಎಡಗೈಯಲ್ಲಿ ಇನ್ನೂ ಹೆಚ್ಚು.

ನಮ್ಮ ಕಡೆ ಇದಕ್ಕೆ ಕಾಲವೂ ಇದೆ. ಬೇಸಿಗೆ ರಜೆಯಲ್ಲಿ ಮಾವಿನ ಮರ, ಪೇರಲ ಗಿಡ. ಶ್ರಾವಣದಲ್ಲಿ ಪಂಚಮಿಯ ಜೋಕಾಲಿ. ಪಂಚಮಿ ಮುಗಿದ ಮರುದಿನ ನನ್ನ ಕೋಣೆಯ ಹೊರಗಿನ ಬೆಂಚು ತುಂಬಿರುತ್ತದೆ. ಉಂಡಿ ತಿಂದ ಬಾಯಿ ಒರೆಸಿಕೊಳ್ಳದೆಯೇ ಬಂದ ಮಕ್ಕಳು, ಜೋಕಾಲಿ ಜೀಕಿದವರು ನಾವಲ್ಲ ಅನ್ನುವ ಮುಖದ ಅಣ್ಣಂದಿರು. ಜೋಕಾಲಿ ಬೇಡ ಅನ್ನುವವನು ನಾನಲ್ಲ. ನಾನೂ ಜೀಕಿದವನೇ, ಬಿದ್ದವನೇ.

ಬಿದ್ದ ಮೊದಲ ರಾತ್ರಿಯೇ ಮುಖ್ಯ. ಡೊಂಕಿಗಾಗಿ ಅಲ್ಲ, ಕೈ ಉಳಿಯುವುದಕ್ಕಾಗಿ. ಮುರಿದ ಮೇಲಿನ ತುಂಡಿನ ಚೂಪು ಅಂಚು ಮುಂದಕ್ಕೆ ಚಾಚುತ್ತದೆ. ಅದರ ಮುಂದೆಯೇ ಕೈಗೆ ರಕ್ತ ಕೊಡುವ ದೊಡ್ಡ ನಾಳ, ಬೆರಳಾಡಿಸುವ ನರ. ಬಾವು ಏರುತ್ತಿರುವ ಕೈಗೆ ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಸವರಿದ ಬಟ್ಟೆಯಿಂದ ಬಿಗಿದು ಕಟ್ಟಿದರೆ, ಬಟ್ಟೆ ಒಣಗಿ ಇನ್ನೂ ಬಿಗಿಯಾಗುತ್ತದೆ, ಒಳಗಿನ ಬಾವಿಗೆ ಹೋಗಲು ದಾರಿ ಇರುವುದಿಲ್ಲ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಆಗುವುದು ಇದೇ. ನಾಟಿ ವೈದ್ಯರನ್ನಷ್ಟೇ ದೂರಿ ಕೈ ತೊಳೆದುಕೊಳ್ಳಲು ನಮಗೂ ಹಕ್ಕಿಲ್ಲ. ರಕ್ತ ಸಿಗದ ಸ್ನಾಯುಗಳು ಗಂಟೆಗಳ ಲೆಕ್ಕದಲ್ಲಿ ಸಾಯುತ್ತವೆ. ಆಮೇಲೆ ಅವು ಚರ್ಮದ ಬಾರಿನಂತೆ ಕುಗ್ಗಿ, ಬೆರಳುಗಳು ಹಕ್ಕಿಯ ಕಾಲಿನ ಹಾಗೆ ಮಡಚಿಕೊಂಡು ನಿಲ್ಲುತ್ತವೆ.

ಬಿಗಿಯಾದ ಕಟ್ಟಿನಿಂದ ಹೀಗಾಗುತ್ತದೆಂದು 1881ರಲ್ಲಿ ಬರೆದವರು ಜರ್ಮನಿಯ ಹಾಲೆ ನಗರದ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್. ಆ ವಿಕಾರಕ್ಕೆ ಇವತ್ತಿಗೂ ಅವರ ಹೆಸರೇ. ಅವರ ಬಗ್ಗೆ ನನಗೆ ಇನ್ನೊಂದು ಕಾರಣಕ್ಕೆ ಪ್ರೀತಿ. ಫ್ರಾನ್ಸಿನ ಮೇಲಿನ ಯುದ್ಧದಲ್ಲಿ ಸೇನೆಯ ಜೊತೆಗಿದ್ದಾಗ ಅವರು ಕಿನ್ನರ ಕತೆಗಳನ್ನು ಬರೆದರು. 1871ರಲ್ಲಿ ರಿಚರ್ಡ್ ಲಿಯಾಂಡರ್ ಎಂಬ ಕಾವ್ಯನಾಮದಲ್ಲಿ ಆ ಕತೆಗಳ ಪುಸ್ತಕ ಬಂತು, ಜರ್ಮನ್ ಮಕ್ಕಳು ತಲೆಮಾರುಗಳಿಂದ ಅದನ್ನು ಓದಿದ್ದಾರೆ. ಮಕ್ಕಳಿಗೆ ಕತೆ ಹೇಳಿದವರೇ ಮಕ್ಕಳ ಕೈ ಸಾಯುವುದು ಹೇಗೆಂದೂ ಹೇಳಿದರು.

ಹಾಗಾಗಿ ಮಗು ಬಿದ್ದು ಮೊಣಕೈ ಊದಿದರೆ, ಕೈಯನ್ನು ಎಳೆಯಬೇಡಿ, ಪೂರ್ತಿ ಮಡಚಲೂ ಬೇಡಿ. ಅರ್ಧಂಬರ್ಧ ಚಾಚಿದ ಹಾಗೇ, ಸುತ್ತಿದ ವೃತ್ತಪತ್ರಿಕೆಯನ್ನೋ ರಟ್ಟನ್ನೋ ಆಸರೆ ಕೊಟ್ಟು ಸಡಿಲಾಗಿ ಕಟ್ಟಿ ತನ್ನಿ. ಬರುವ ದಾರಿಯಲ್ಲಿ ಸಮಾಧಾನಕ್ಕೆಂದು ಚಹಾ-ಬಿಸ್ಕತ್ತು ಕೊಡಬೇಡಿ. ಹೊಟ್ಟೆ ತುಂಬಿದ ಮಗುವಿಗೆ ಅರಿವಳಿಕೆ ಕೊಡಲು ಆರು ತಾಸು ಕಾಯಬೇಕಾಗುತ್ತದೆ. ಕಟ್ಟು ಹಾಕಿಸಿಕೊಂಡು ಮನೆಗೆ ಹೋದ ಮೇಲೆ ಬೆರಳು ತಣ್ಣಗಾದರೆ, ಬಿಳಿಚಿಕೊಂಡರೆ, ನೋವು ಇಳಿಯುವ ಬದಲು ಏರಿದರೆ, ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಹೋದಾಗ ಮಗು ಚೀರಿದರೆ, ಬೆಳಗಿನ ತನಕ ಕಾಯಬೇಡಿ. ಹೆಬ್ಬೆರಳು-ತೋರುಬೆರಳು ಕೂಡಿಸಿ ಸೊನ್ನೆ ಮಾಡು ಅಂತ ಮಗುವಿಗೆ ಹೇಳಿ ನೋಡಿ. ದುಂಡು ಸೊನ್ನೆಯ ಬದಲು ಬೆರಳ ತುದಿಗಳು ಚಪ್ಪಟೆಯಾಗಿ ಅಂಟಿಕೊಂಡರೆ ಒಂದು ನರಕ್ಕೆ ಪೆಟ್ಟಾಗಿದೆ ಎಂದು ಲೆಕ್ಕ. ಅದರಲ್ಲಿ ಬಹುಪಾಲು ತಾನೇ ಚೇತರಿಸಿಕೊಳ್ಳುತ್ತದೆ. ಆದರೂ ಡಾಕ್ಟರಿಗೆ ಗೊತ್ತಿರಬೇಕು.

ಈಗ ಎಲುಬು ತೀರಾ ಸರಿದಿದ್ದರೆ ಬರೀ ಪ್ಲಾಸ್ಟರನ್ನು ನಂಬಿ ಕೂರುವುದಿಲ್ಲ. ಅರಿವಳಿಕೆ ಕೊಟ್ಟು, ಎಲುಬನ್ನು ಹೊರಗಿನಿಂದಲೇ ಕೂಡಿಸಿ, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದ ಪರದೆಯಲ್ಲಿ ನೋಡುತ್ತಾ ಚರ್ಮದ ಮೂಲಕವೇ ಎರಡೋ ಮೂರೋ ಉಕ್ಕಿನ ತಂತಿ ಚುಚ್ಚಿ ನಿಲ್ಲಿಸುತ್ತೇವೆ. ಮನೆಯವರು ಇದನ್ನು "ರಾಡ್ ಹಾಕ್ಯಾರ" ಅಂತ ಊರೆಲ್ಲ ಹೇಳುತ್ತಾರೆ. ರಾಡಲ್ಲ, ಸೂಜಿಗಿಂತ ತುಸು ದಪ್ಪ ತಂತಿ. ಮೂರ್ನಾಲ್ಕು ವಾರಕ್ಕೆ ಕೋಣೆಯಲ್ಲಿ ಕೂರಿಸಿಯೇ ಎಳೆದು ತೆಗೆಯುತ್ತೇವೆ. ಈ ಪದ್ಧತಿ ರೂಢಿಗೆ ಬಂದ ಮೇಲೆ ಡೊಂಕು ಕೈ ಬಹಳ ಕಡಿಮೆಯಾಗಿದೆ. ಆದರೂ ಬರುತ್ತಲೇ ಇವೆ. ತಡವಾಗಿ ಬಂದವು, ಕೂಡಿಸಿದ ಮೇಲೆ ಪ್ಲಾಸ್ಟರ್ ಒಳಗೆ ಸರಿದವು, ಎಲುಬಿನ ಒಳಬದಿ ನುಜ್ಜುಗುಜ್ಜಾಗಿ ಕುಸಿದವು.

ಡೊಂಕು ಕೂತ ಮೇಲೆ ಮನೆಯ ಹಿರಿಯರದು ಎರಡನೇ ಮಾತು: "ಇನ್ನೂ ಸಣ್ಣ ಕೂಸು, ಬೆಳೆದಂಗ ಸರಿ ಹೋಗ್ತದ." ಇದು ಪೂರ್ತಿ ತಪ್ಪು ಮಾತಲ್ಲ, ಅದೇ ತೊಂದರೆ. ಮಣಿಕಟ್ಟಿನ ಹತ್ತಿರ ಮುರಿದ ಎಲುಬು ಸ್ವಲ್ಪ ಓರೆಯಾಗಿ ಕೂಡಿದರೂ ವರ್ಷದೊಳಗೆ ಎಕ್ಸ್‌ರೇಯಲ್ಲಿ ಗುರುತು ಸಿಗದಷ್ಟು ನೆಟ್ಟಗಾಗುವುದನ್ನು ನಾನೇ ನೋಡಿದ್ದೇನೆ. ಮೊಣಕೈಗೆ ಆ ಭಾಗ್ಯವಿಲ್ಲ. ಎಲುಬು ಉದ್ದವಾಗುವುದು ತುದಿಗಳ ಬೆಳವಣಿಗೆಯ ಪಟ್ಟಿಯಿಂದ. ತೋಳಿನ ಎಲುಬಿನಲ್ಲಿ ನೂರಕ್ಕೆ ಸುಮಾರು 80 ಪಾಲು ಬೆಳವಣಿಗೆ ಹೆಗಲ ಕಡೆ, ಮೊಣಕೈ ಕಡೆ ಬರೀ 20. ಇನ್ನೊಂದು, ಬೆಳೆಯುವ ಎಲುಬು ತಾನಾಗಿ ತಿದ್ದಿಕೊಳ್ಳುವುದು ಕೀಲು ಆಡುವ ದಿಕ್ಕಿನಲ್ಲಿ ಮಾತ್ರ. ಮೊಣಕೈ ಬಾಗಿಲಿನ ಹಾಗೆ ಒಂದೇ ದಿಕ್ಕಿನಲ್ಲಿ, ಮುಂದೆ-ಹಿಂದೆ, ಆಡುವ ಕೀಲು. ಪಕ್ಕದ ಓರೆಯನ್ನು ತಿದ್ದುವ ಕೆಲಸವನ್ನು ಅದು ಹಚ್ಚಿಕೊಳ್ಳುವುದೇ ಇಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತೇವೆ. ಇಲ್ಲಿ ಗಿಡವಾಗಿದ್ದಾಗಲೇ ಬಗ್ಗಿದ್ದು ಮರವಾದರೂ ನೆಟ್ಟಗಾಗದು. ಐದರಲ್ಲಿ ಇದ್ದ ಓರೆ ಹದಿನೈದರಲ್ಲೂ ಅಷ್ಟೇ ಇರುತ್ತದೆ. ಬೆಳವಣಿಗೆಯ ಪಟ್ಟಿಗೇ ಪೆಟ್ಟು ಬಿದ್ದಿರದಿದ್ದರೆ ಹೆಚ್ಚಾಗುವುದೂ ಇಲ್ಲ.

ಹಾಗಾದರೆ ಆಪರೇಶನ್ ಬೇಕೇ? ನಾನು ಕಲಿಯುವಾಗ ಪುಸ್ತಕಗಳಲ್ಲಿ ಇದನ್ನು ಬರೀ ಅಂದದ ಪ್ರಶ್ನೆ ಎಂದು ಬದಿಗೆ ಸರಿಸಿದ್ದರು. ಕೈ ಬಾಯಿಗೆ ಹೋಗುತ್ತದೆ, ಭಾರ ಎತ್ತುತ್ತದೆ, ಬರೆಯುತ್ತದೆ, ಮತ್ತೇನು ಎಂದು. ಅದು ಬಹುಮಟ್ಟಿಗೆ ನಿಜ. ಆದರೆ ವರ್ಷಗಳು ಕಳೆದ ಮೇಲೆ ಕೆಲವರಲ್ಲಿ ಮೊಣಕೈಯ ಹೊರಬದಿಯ ಕಟ್ಟುನಾರು ಸಡಿಲವಾಗಿ ಕೀಲು ಜಾರಿದಂತಾಗುವುದು, ಕಿರುಬೆರಳ ಕಡೆಗೆ ಹೋಗುವ ನರ ಎಳೆದು ಬೆರಳು ಜೋಮು ಹಿಡಿಯುವುದು, ಅದೇ ಕೈ ಊರಿ ಬಿದ್ದರೆ ಹೊರಬದಿಯ ಎಲುಬು ಸುಲಭವಾಗಿ ಮುರಿಯುವುದು, ಇವೆಲ್ಲ ಆಮೇಲಾಮೇಲೆ ಗೊತ್ತಾಗಿವೆ. ಇಷ್ಟಾದರೂ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಬರುವುದು ಅಂದಕ್ಕೇ. ಅದನ್ನು ಹಗುರ ಮಾಡಿ ಮಾತಾಡುವ ಡಾಕ್ಟರುಗಳ ಮೇಲೆ ನನಗೆ ಸಿಟ್ಟಿದೆ. ಬೇಸಿಗೆಯಲ್ಲೂ ತುಂಬುತೋಳಿನ ರವಿಕೆ ತೊಡುವ ಹುಡುಗಿಗೆ "ಕೆಲಸ ಮಾಡುತ್ತದಲ್ಲ" ಅನ್ನುವುದು ಉತ್ತರವೇ? ಬೆಳಗಾವಿ ಕಡೆಯ ಹುಡುಗರು ಸೇನಾ ಭರ್ತಿಗೆ ಬೆಳಗಿನ ಜಾವ ಎದ್ದು ಓಡುತ್ತಾರೆ. ಅಲ್ಲಿನ ವೈದ್ಯಕೀಯ ತಪಾಸಣೆಯಲ್ಲಿ ಮೊಣಕೈ ಕೋನವನ್ನೂ ನೋಡುತ್ತಾರೆ. ಓಟದಲ್ಲಿ ಗೆದ್ದು ಕೋನದಲ್ಲಿ ಸೋತು ಬಂದ ಹುಡುಗನೊಬ್ಬ ನನ್ನ ಮೇಜಿನ ಮುಂದೆ ಕೂತು, ಐದನೇ ವಯಸ್ಸಿನಲ್ಲಿ ಬಿದ್ದ ಹುಣಸೆ ಮರವನ್ನು ಬೈಯುತ್ತಿದ್ದ.

ಅವಸರ ಮಾತ್ರ ಇಲ್ಲ. ಮುರಿದು ವರ್ಷವಾದರೂ ಆಗಲಿ, ಕೈ ಎಷ್ಟು ಮಡಚಬೇಕೋ ಎಷ್ಟು ಚಾಚಬೇಕೋ ಅಷ್ಟು ಆಗಲಿ, ಆಮೇಲೆ ಅಳೆಯೋಣ ಅನ್ನುತ್ತೇನೆ. ಮೊದಲ ರಾತ್ರಿ ಓಡಬೇಕಾದವರು ಬೆಳಗಿನ ತನಕ ಕೂತಿರುತ್ತಾರೆ, ಆರಾಮಾಗಿ ಬರಬಹುದಾದವರು ಶಾಲೆ ಬಿಡಿಸಿ ಓಡಿಬರುತ್ತಾರೆ.

ಹೋದ ವರ್ಷದ ಒಂದು ಆಪರೇಶನ್ ಹೇಳುತ್ತೇನೆ. ಹುಡುಗಿಗೆ ಒಂಬತ್ತು ವರ್ಷ, ಎಡಗೈ. ಎರಡೂ ಮೊಣಕೈಗಳ ಎಕ್ಸ್‌ರೇ ತೆಗೆಸಿದೆ. ಸರಿಯಿರುವ ಕೈ ನಮಗೆ ನಕ್ಷೆ, ಅದರ ಫೋಟೋ ಇಲ್ಲದೆ ಡೊಂಕು ಕೈ ಮುಟ್ಟುವುದಿಲ್ಲ. ಬಲಗೈ 10 ಡಿಗ್ರಿ ಹೊರಕ್ಕೆ ಓರೆ. ಎಡಗೈ 15 ಡಿಗ್ರಿ ಒಳಕ್ಕೆ. ತಂದೆ ಲೆಕ್ಕದ ಮಾಸ್ತರರು, "ಹದಿನೈದು ಡಿಗ್ರಿ ತಿದ್ದಿದರೆ ಆಯಿತಲ್ಲ" ಅಂದರು. ಹದಿನೈದು ತಿದ್ದಿದರೆ ಕೈ ಕೋಲಿನ ಹಾಗೆ ನೇರವಾಗುತ್ತದೆ, ಜೋಡಿ ಆಗುವುದಿಲ್ಲ. ಒಟ್ಟು 25 ತಿದ್ದಬೇಕು. ಎಕ್ಸ್‌ರೇ ಮೇಲೆ ಬಟರ್ ಪೇಪರ್ ಇಟ್ಟು ಎಲುಬಿನ ಗೆರೆ ತೆಗೆದು, ಹೊರಬದಿಯಿಂದ 25 ಡಿಗ್ರಿಯ ಬೆಣೆಯಾಕಾರ ಗುರುತಿಸಿ, ಕತ್ತರಿಯಿಂದ ಕತ್ತರಿಸಿ ತೆಗೆದು, ಉಳಿದ ಕಾಗದದ ಅಂಚುಗಳನ್ನು ಕೂಡಿಸಿ ತೋರಿಸಿದೆ. ಕಾಗದದ ಕೈ ನೆಟ್ಟಗಾಯಿತು. ಎಲುಬು ಅಲ್ಲಿ ಮೂರು ಸೆಂಟಿಮೀಟರ್ ಅಗಲವಿದ್ದರೆ ಆ ಬೆಣೆಯ ತಳ ಸುಮಾರು 14 ಮಿಲಿಮೀಟರ್. ಮಾಸ್ತರರು ಜೇಬಿನಿಂದ ಪೆನ್ನು ತೆಗೆದು ಒಮ್ಮೆ ತಾವೇ ಲೆಕ್ಕ ಹಾಕಿ ನೋಡಿ, ಸಹಿ ಮಾಡಿದರು.

ಆಪರೇಶನ್ ಮೇಜಿನ ಮೇಲೂ ನಡೆಯುವುದು ಇಷ್ಟೇ. ಕತ್ತರಿಯ ಬದಲು ಗರಗಸ. ತೋಳಿಗೆ ಗಾಳಿಪಟ್ಟಿ ಕಟ್ಟಿ ರಕ್ತ ತಡೆದು, ಹೊರಬದಿಯಲ್ಲಿ ಐದಾರು ಸೆಂಟಿಮೀಟರ್ ಸೀಳಿ, ಸ್ನಾಯು ಸರಿಸಿ, ಎಲುಬಿನ ಮೇಲೆ ಬರುತ್ತೇವೆ. ಮೇಲಿನಿಂದ ಸುತ್ತಿ ಬರುವ ಒಂದು ನರ, ಒಳಬದಿಯಲ್ಲಿ ಇನ್ನೊಂದು, ಇವೆರಡರ ಲೆಕ್ಕ ಕೈ ಬಿಡುವಂತಿಲ್ಲ. ಕೊಯ್ಯುವ ಗೆರೆಗುಂಟ ಎರಡು ತಂತಿ ಹೊಡೆದು ಸಿ-ಆರ್ಮ್‌ನಲ್ಲಿ ಕೋನ ನೋಡುತ್ತೇವೆ. ಆಮೇಲೆ ಗರಗಸ, ಎಲುಬು ಕಾಯದಿರಲೆಂದು ಮೇಲಿನಿಂದ ತೊಟ್ಟಿಕ್ಕುವ ನೀರು. ಒಳಬದಿಯ ತೆಳು ಪದರನ್ನು ಪೂರ್ತಿ ಕೊಯ್ಯುವುದಿಲ್ಲ, ಅದೇ ಬಾಗಿಲಿಗೆ ತಿರುಗಣಿ. ಬೆಣೆ ಹೊರಬಂದ ಮೇಲೆ ಕೈಯನ್ನು ಹೊರಕ್ಕೆ ಮೆಲ್ಲಗೆ ಒತ್ತಿದರೆ ಹಸಿ ಕೊಂಬೆ ಬಾಗಿದ ಹಾಗೆ ಆ ಪದರು ಬಾಗಿ ಸಂದು ಮುಚ್ಚಿಕೊಳ್ಳುತ್ತದೆ. ಆಗ ಮೊಣಕೈ ಚಾಚುತ್ತೇನೆ, ಇನ್ನೊಂದು ಕೈಯ ಪಕ್ಕಕ್ಕೆ ಇಟ್ಟು ನೋಡುತ್ತೇನೆ. ಮಡಚಿದ ಮೊಣಕೈ ಒಮ್ಮೆ ಮೋಸ ಮಾಡಿದೆ, ಎರಡನೇ ಸಲ ಬಿಡುವುದಿಲ್ಲ.

ಇದನ್ನು ಹಿಡಿದು ನಿಲ್ಲಿಸಲು ಸಣ್ಣ ಮಕ್ಕಳಲ್ಲಿ ತಂತಿ ಸಾಕು, ದೊಡ್ಡವರಲ್ಲಿ ಪ್ಲೇಟು. 1959ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫ್ರೆಂಚ್ ಎಂಬ ಶಸ್ತ್ರವೈದ್ಯರು ಬರೆದ ಉಪಾಯ ಇವತ್ತಿಗೂ ಚಾಲ್ತಿಯಲ್ಲಿದೆ: ಮೇಲೊಂದು ಸ್ಕ್ರೂ, ಕೆಳಗೊಂದು ಸ್ಕ್ರೂ, ಎರಡಕ್ಕೂ ತಂತಿ ಸುತ್ತಿ ತಿರುಚಿ ಬಿಗಿ. ವಿದ್ಯಾರ್ಥಿಗಳು ಫ್ರೆಂಚ್ ಪದ್ಧತಿ ಅಂದರೆ ಫ್ರಾನ್ಸಿನದು ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಮೂರು ಆಯಾಮದ ಮುದ್ರಣ ಯಂತ್ರದಲ್ಲಿ ಆ ಮಗುವಿನ ಎಲುಬಿಗೇ ಹೊಂದುವ ಅಚ್ಚು ಮಾಡಿ ಅದರ ಸೀಳಿನಲ್ಲಿ ಗರಗಸ ಹಾಯಿಸುವ ಪದ್ಧತಿಯೂ ಬಂದಿದೆ. ತಿರುಚು-ಮುರುಚಾದ ಕೈಗೆ ಅದು ಒಳ್ಳೆಯದು. ಸಾಧಾರಣ ಡೊಂಕಿಗೆ ಬಟರ್ ಪೇಪರ್ ಸಾಕು ಎನ್ನುವುದು ನನ್ನ ಹಟ.

ಬೆಣೆ ತೆಗೆಯುವ ಪದ್ಧತಿಯಲ್ಲಿ ಒಂದು ಕೊರತೆಯುಂಟು. ಕೈ ನೆಟ್ಟಗಾದರೂ ಕೆಳಗಿನ ತುಂಡಿನ ಹೊರ ಅಂಚು ಸ್ವಲ್ಪ ಆಚೆಗೆ ಚಾಚಿ ಗಂಟಿನ ಹಾಗೆ ಉಳಿಯಬಹುದು. ನಾನು ಹೊಸದಾಗಿ ಈ ಕೆಲಸ ಶುರುಮಾಡಿದಾಗ ಒಬ್ಬ ಹುಡುಗಿಯ ಕೈ ಡಿಗ್ರಿಗೆ ಡಿಗ್ರಿ ಹೊಂದಿಸಿ, ಎಕ್ಸ್‌ರೇ ಹಿಡಿದು ಹಿಗ್ಗುತ್ತಿದ್ದೆ. ಅವಳು ಕೈ ನೋಡಿಕೊಂಡು, "ಡೊಂಕ ಹೋತು, ಗಂಟ ಬಂತು" ಅಂದಳು. ಆ ಮಾತು ಕೇಳಿದ ಮೇಲೆ ನಾನು ಕೆಳಗಿನ ತುಂಡನ್ನು ಒಳಕ್ಕೆ ಸರಿಸುವ, ಮೆಟ್ಟಿಲಾಕಾರದಲ್ಲಿ ಕೊಯ್ಯುವ, ಕಮಾನಿನ ಹಾಗೆ ದುಂಡಗೆ ಕೊಯ್ದು ತಿರುಗಿಸುವ ವಿಧಾನಗಳನ್ನು ಕಲಿತೆ. ಈಗ ಆಪರೇಶನ್ನಿಗೆ ಮೊದಲೇ ಹೇಳುತ್ತೇನೆ: ಗಾಯದ ಗೆರೆ ಉಳಿಯುತ್ತದೆ, ತೋಳಿಲ್ಲದ ಅಂಗಿ ತೊಟ್ಟರೆ ಕಾಣುತ್ತದೆ. ಕೆಲವು ದಿನ ಬೆರಳು ಜೋಮು ಹಿಡಿಯಬಹುದು. ಸಾವಿರದಲ್ಲೊಂದು ಅನ್ನುವಷ್ಟು ಅಪರೂಪವೇನಲ್ಲ ಸೋಂಕು, ಎಲುಬು ಮತ್ತೆ ಸರಿಯುವುದೂ ಉಂಟು. ಇದನ್ನೆಲ್ಲ ಕೇಳಿ ಯೋಚಿಸಿ ಬರುತ್ತೇವೆ ಎಂದು ಹೋದವರು ಮರಳಿ ಬರದಿದ್ದರೆ ನನಗೆ ಬೇಸರವಿಲ್ಲ.

ಉಳಿದದ್ದು ಎಣ್ಣೆಯ ವಿಷಯ. ಕಟ್ಟು ಬಿಚ್ಚಿದ ಕೂಡಲೇ ಅಜ್ಜಿಯರು ಬಿಸಿ ಎಣ್ಣೆಯ ಬಟ್ಟಲು ಹಿಡಿದು ಕೂರುತ್ತಾರೆ. ಬೇರೆ ಕೀಲಿಗೆ ಏನಾದರೂ ಮಾಡಿಕೊಳ್ಳಲಿ, ಪೆಟ್ಟಾದ ಮೊಣಕೈಯನ್ನು ನೀವಬಾರದು, ಜಗ್ಗಬಾರದು, ನೆಟ್ಟಗಾಗಲೆಂದು ನೀರು ತುಂಬಿದ ಬಕೆಟ್ ಹೊರಿಸಬಾರದು. ಜಗ್ಗಿದಷ್ಟೂ ಸ್ನಾಯುವಿನೊಳಗೇ ಎಲುಬು ಹುಟ್ಟಿಕೊಂಡು ಕೀಲು ಬೀಗ ಹಾಕಿದ ಹಾಗಾಗುತ್ತದೆ. ಮಗುವಿನ ಮೊಣಕೈ ಆಡುತ್ತಾ ಆಡುತ್ತಾ ತಾನೇ ಬಿಡಿಸಿಕೊಳ್ಳುತ್ತದೆ.

ಮಾಸ್ತರರ ಮಗಳ ಪ್ಲಾಸ್ಟರ್ ಐದನೇ ವಾರ ತೆಗೆದೆವು. ಕೈ ಬಿಗಿದಿತ್ತು. ವ್ಯಾಯಾಮ ಏನು ಮಾಡಿಸಬೇಕು ಎಂದು ತಾಯಿ ಕೇಳಿದರು. ಇವತ್ತಿನಿಂದ ಜಡೆ ನೀವು ಹಾಕಬೇಡಿ, ಅವಳೇ ಹಾಕಿಕೊಳ್ಳಲಿ ಅಂದೆ. ಎರಡು ತಿಂಗಳಾದ ಮೇಲೆ ಬಂದಳು. ಬಲ ಜಡೆ ಬಿಗಿಯಾಗಿ ಅಚ್ಚುಕಟ್ಟಾಗಿತ್ತು. ಎಡ ಜಡೆ ಕಿವಿಯ ಹತ್ತಿರವೇ ಸಡಿಲಾಗಿ ಉದುರುತ್ತಿತ್ತು. ಕೋನ ಅಳೆಯುವ ಮೊದಲೇ ಇನ್ನೆಷ್ಟು ಮಡಚಬೇಕು ಅಂತ ನನಗೆ ಗೊತ್ತಾಯಿತು.